ಸುಕ್ಕಿಲ್ಲದ ಗುಂಡುಗಳು

ಅಚ್ಚು ಬಿಚ್ಚಿ ಮರದ ಕೋಲಿನಿಂದ ಮೆಲ್ಲಗೆ ತಟ್ಟಿದಾಗ ಹಳೆಯ ಟವೆಲ್ಲಿನ ಮೇಲೆ ಬಿದ್ದ ಬಂದೂಕಿನ ಗುಂಡಿಗೆ ಈ ಸಲ ಸುಕ್ಕಿರಲಿಲ್ಲ. ವೆಂಕಟರಾಮು ಬಗ್ಗಿ ನೋಡಿದರು. ಬುಡದ ಅಂಚು ಚೆನ್ನಾಗಿ ತುಂಬಿಕೊಂಡಿತ್ತು. ಚಳಿಗಾಲವೆಲ್ಲ ಅವರಿಗೆ ದಕ್ಕದೆ ಹೋದದ್ದು ಇದೇ. ಅಚ್ಚು ತಣ್ಣಗಿದ್ದರೆ ಸೀಸ ಒಳಗಿಳಿಯುವಷ್ಟರಲ್ಲೇ ಗಟ್ಟಿಯಾಗಿ ಸುಕ್ಕು ಬೀಳುತ್ತಿತ್ತು. ಅತಿಯಾಗಿ ಕಾದರೆ ಬೂದಿ ಬಳಿದಂತೆ ಮಂಕಾಗುತ್ತಿತ್ತು. ಇವತ್ತು ಅಚ್ಚನ್ನು ಮೊದಲೇ ಬಿಸಿ ಮಾಡಿ, ಏಳುನೂರು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕರಗಿದ ಸೀಸಕ್ಕೆ ಚೂರು ತವರ ಬೆರೆಸಿದ್ದರು.

ಅವರು ಡೆಟ್ರಾಯಿಟ್ ಹತ್ತಿರದ ಎರಕದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನ ಮಗಳು ಶ್ರೀಲತಾಳ ಮನೆಗೆ ಬಂದಿದ್ದರು. ಮಗಳು, ಅಳಿಯ ಕೆಲಸಕ್ಕೆ ಹೋದರೆ ವರ್ಷ ತುಂಬಿದ ಮೊಮ್ಮಗಳು ಸಿಯಾ ಇವರ ಹೆಗಲ ಮೇಲೆ. ಶನಿವಾರ ಮಾತ್ರ ಗನ್ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಹೊಡೆದು ಬರುತ್ತಿದ್ದರು. ಹೊಡೆಯುವುದಕ್ಕಿಂತ ಗುಂಡು ಎರೆಯುವುದೇ ಅವರಿಗೆ ಹಿತವಾಗಿತ್ತು. ಕೈ ಮರೆತಿಲ್ಲ ಅನಿಸುತ್ತಿತ್ತು.

ಗರಾಜಿನ ಒಳಬಾಗಿಲು ತೆರೆದು ಶ್ರೀಲತಾ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಫೋನಿತ್ತು.

"ಅಪ್ಪ, ಅದನ್ನ ಆಫ್ ಮಾಡಿ."

"ಇದೊಂದು ನೋಡ್ ಬಾಮ್ಮ, ಎಷ್ಟು ಚೆನ್ನಾಗ್ ಬಂದಿದೆ."

"ಸಿಯಾದು ಬ್ಲಡ್ ರಿಪೋರ್ಟ್ ಬಂತು. ಲೆಡ್ ಇದೆಯಂತೆ."

ಅವರು ಒಲೆಯ ಸ್ವಿಚ್ ಆರಿಸಿದರು. "ಎಷ್ಟು?"

"ಮೂರೂವರೆ ದಾಟಬಾರದಂತೆ. ಹದಿನಾಲ್ಕಿದೆ."

"ನಾನು ಬಾಗ್ಲು ತೆಗೆದಿಟ್ಟೇ ಮಾಡ್ತಿದ್ನಲ್ಲ. ಮಾಸ್ಕೂ ಹಾಕ್ತಿದ್ದೆ."

"ನೀವು ಹಾಕ್ತಿದ್ರಿ," ಎಂದಳು ಶ್ರೀಲತಾ. ಬಾಗಿಲೆಳೆದುಕೊಂಡು ಒಳಗೆ ಹೋದಳು.

ಆ ವಾರ ಕೌಂಟಿಯ ಆರೋಗ್ಯ ಇಲಾಖೆಯಿಂದ ನರ್ಸೊಬ್ಬಳು ಬಂದು ಸಣ್ಣ ಕಡ್ಡಿಗಳಿಂದ ಅಲ್ಲಲ್ಲಿ ಒರೆಸಿ ನೋಡಿದಳು. ಸೀಸವಿದ್ದಲ್ಲಿ ಕಡ್ಡಿಯ ತುದಿ ಕೆಂಪಾಗುತ್ತಿತ್ತು. ಕರಗಿದ ಸೀಸದ ಮೇಲಿನ ಕಿಟ್ಟ ತೆಗೆದು ಪೊರಕೆಯಲ್ಲಿ ಗುಡಿಸುತ್ತಿದ್ದ ನೆಲದಲ್ಲಿ ಕೆಂಪಾಯಿತು. ಅವರ ಚಪ್ಪಲಿಯಲ್ಲಿ ಆಯಿತು, ಕಾಲೊರೆಸಿನಲ್ಲಿ ಆಯಿತು. ಕೊನೆಗೆ ಅವರ ಬೂದು ಸ್ವೆಟರಿನ ಎಡಹೆಗಲಿಗೆ ಕಡ್ಡಿ ಒತ್ತಿದಳು. ಸಿಯಾ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದದ್ದು ಅಲ್ಲೇ. ಈ ಸ್ವೆಟರಿನಲ್ಲಿ ಮಗುವನ್ನು ಎತ್ತಿಕೊಳ್ಳುತ್ತಿದ್ದಿರಾ ಎಂದು ನರ್ಸ್ ಕೇಳಿದಳು. ವೆಂಕಟರಾಮು ಹೌದೆಂದರು. ಕಾರ್ಖಾನೆಯಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸದೆ ಯಾರೂ ಮನೆಗೆ ಹೋಗಕೂಡದೆಂದು ನಿಯಮ ಮಾಡಿದವರು ಅವರೇ. ಅದು ನೆನಪಾಯಿತು. ನೆನಪಾದರೂ ಎದೆಯಲ್ಲಿ ಏನೂ ಅಲುಗಲಿಲ್ಲ. ನರ್ಸಿಗೆ ಕಾಫಿ ಬೇಕೇ ಎಂದು ಕೇಳಿದರು.

ಮನೆ ಶುಚಿಯಾಗುವವರೆಗೆ ಮಗಳು, ಅಳಿಯ ಮಗುವನ್ನು ಕರೆದುಕೊಂಡು ವೆಸ್ಟ್‌ಮಂಟಿನ ಬಾಡಿಗೆ ಅಪಾರ್ಟ್‌ಮೆಂಟಿಗೆ ಹೋದರು. ಯಾರೂ ಬೈಯಲಿಲ್ಲ. ಕೆಲಸದವರು ಬಂದು ಕಾರ್ಪೆಟ್ ಕಿತ್ತು ಸುತ್ತಿ ಒಯ್ದರು. ವೆಂಕಟರಾಮು ಒಲೆ, ಅಚ್ಚು, ಉಳಿದ ಸೀಸ, ಗುಂಡುಗಳ ಡಬ್ಬ ಎಲ್ಲವನ್ನೂ ಅಪಾಯದ ಕಸ ತೆಗೆದುಕೊಳ್ಳುವ ಜಾಗಕ್ಕೆ ಡ್ರೈವ್ ಮಾಡಿಕೊಂಡು ಹೋದರು. ಕೈಗವಸು ಹಾಕಿದ್ದ ಹುಡುಗಿಯೊಬ್ಬಳು ಅವನ್ನು ಇಳಿಸಿಕೊಂಡು, ಒಳ್ಳೆಯ ದಿನವಾಗಲಿ ಎಂದಳು. ಥ್ಯಾಂಕ್ಸ್ ಎಂದು ಗಾಜು ಏರಿಸಿದರು.

ಮೇ ತಿಂಗಳ ಒಂದು ಭಾನುವಾರ ಶ್ರೀಲತಾ ಫೋನ್ ಮಾಡಿ ಊಟಕ್ಕೆ ಕರೆದಳು. ಅವರು ಸ್ನಾನ ಮಾಡಿ, ಹೊಸ ಅಂಗಿಯ ಬೆಲೆಚೀಟಿ ಕತ್ತರಿಸಿ ತೊಟ್ಟು ಹೊರಟರು. ವೆಸ್ಟ್‌ಮಂಟಿನ ಬಾಗಿಲಲ್ಲಿ ಷೂ ಬಿಚ್ಚಿಟ್ಟು, ನೇರ ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಂಡು ಬಂದು ಸೋಫಾದ ತುದಿಯಲ್ಲಿ ಕೂತರು.

"ಏಳಕ್ಕಿಳಿದಿದೆ ಅಪ್ಪ," ಎಂದಳು ಶ್ರೀಲತಾ, ಸಾರಿನ ಪಾತ್ರೆ ಮೇಜಿನ ಮೇಲಿಡುತ್ತ. "ಇನ್ನೂ ಇಳಿಯತ್ತಂತೆ."

"ಒಳ್ಳೇದಾಯ್ತು."

"ಮುಂದೆ ಏನಾಗತ್ತೆ ಅಂತ ಈಗ್ಲೇ ಹೇಳಕ್ಕಾಗಲ್ವಂತೆ."

ಅವರು ತಲೆಯಾಡಿಸಿದರು.

ಒಳಕೋಣೆಯಿಂದ ಸಿಯಾ ಬಂದಳು. ನಡೆದೇ ಬಂದಳು. ಅವಳು ನಡೆಯಲು ಕಲಿತದ್ದು ಅವರಿಗೆ ಗೊತ್ತಿರಲಿಲ್ಲ. ತೊಡರುತ್ತ ಚಾಪೆ ದಾಟಿ ಅವರ ಮೊಣಕಾಲಿಗೆ ಬಂದು ತಗುಲಿ, ಪ್ಯಾಂಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮುಖ ಎತ್ತಿದಳು.

"ಎತ್ಕೊಳ್ಳಿ ಅಪ್ಪ," ಎಂದಳು ಶ್ರೀಲತಾ.

ವೆಂಕಟರಾಮು ಮಗಳನ್ನು ನೋಡಿದರು. ಕೈಗಳು ತೊಡೆಯ ಮೇಲೇ ಇದ್ದವು. ಹೊರಗೆ ಶಿಕಾಗೋ ಕಡೆಯ ರೈಲು ಬಂತು. ಕಿಟಕಿಯ ಗಾಜು ಸಣ್ಣಗೆ ಅದುರಿತು. ಸಿಯಾ ಅವರ ಮೊಣಕಾಲನ್ನು ಬಿಡದೆ ಆ ಸದ್ದಿನತ್ತ ತಿರುಗಿ, ರೈಲು ದಾಟಿ ಹೋಗುವವರೆಗೂ ಹಾಗೇ ನಿಂತಿದ್ದಳು.