ಬೆಡ್‌ಶೀಟ್ ಮಡಿಸುವ ಕೋಣೆ

ಶವದ ಬಲಗೈಗೆ ನೀರು ಹುಯ್ಯುತ್ತಿದ್ದ ನಗ್ಲಾ ತಟ್ಟನೆ ನಿಂತಳು. ಅವಳ ಎರಡು ಬೆರಳು ತಾವಾಗಿಯೇ ಅದರ ಮಣಿಕಟ್ಟಿನಲ್ಲಿ ನಾಡಿ ಹಿಡಿದಿದ್ದವು. ಕಣ್ಣು ಗೋಡೆಯ ಮೇಲೆ ಗಡಿಯಾರ ಹುಡುಕುತ್ತಿತ್ತು.

"ಬಿಡು ಮಗಳೇ," ಎಂದಳು ಶವದ ಮೈ ತೊಳೆಯಲು ಬಂದಿದ್ದ ಮುದುಕಿ ಉಮ್ ಶುಕ್ರಿ. "ಇವತ್ತು ನಿಮ್ಮ ಸಿಸ್ಟರಿಗೆ ರಜೆ. ಮೂವತ್ತು ವರ್ಷಕ್ಕೆ ಒಂದ್ಸಲ ಸಿಕ್ಕಿದೆ."

ನಗ್ಲಾಳಿಗೆ ನಗುವಷ್ಟು ತ್ರಾಣವಿರಲಿಲ್ಲ. ಎರಡು ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದಳು. ಮಧ್ಯಾಹ್ನದ ನಮಾಜಿನ ನಂತರ ಶವ ಹೊರಟೊಡನೆ ಮತ್ತೆ ವಾರ್ಡಿಗೆ ಹೋಗಬೇಕು. ಹಿರಿಯ ನರ್ಸ್ ಇಹ್ಸಾನ್ ನಿನ್ನೆ ಕೆಲಸ ಮುಗಿಸಿ ಬಂದು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಸುದ್ದಿ ಕೇಳಿ ದಮನ್‌ಹೂರಿನ ಗಂಡನ ಮನೆಯಿಂದ ಓಡಿಬಂದ ಅವರ ಮಗಳು ರಾವಿಯಾ ಕರ್ಪೂರದ ನೀರು ಹಿಡಿದು ನಿಂತಿದ್ದಳು.

"ಅಪ್ಪ ಹೋದಾಗ ಅಮ್ಮ ಒಂದು ಹನಿ ಕಣ್ಣೀರು ಹಾಕ್ಲಿಲ್ಲ," ಎಂದಳು. "ಬಂದೋರಿಗೆ ಕಾಫಿ ಕೊಟ್ಕೊಂಡು, ಲೋಟ ತೊಳ್ಕೊಂಡು ನಿಂತಿದ್ಲು. 'ನೀನು ಕಲ್ಲು' ಅಂದ್ಬಿಟ್ಟೆ, ಅವಳ ಮುಖದ ಮೇಲೇ. ಆಸ್ಪತ್ರೇಲೂ ಹಿಂಗೇ ಇದ್ಲಾ, ನಗ್ಲಾ?"

ನಗ್ಲಾ ಆ ಬಲಗೈಗೆ ಮತ್ತೆ ನೀರು ಹುಯ್ದಳು. ಯಾರಿಗೂ ಹೇಳುವುದಿಲ್ಲವೆಂದು ಇದೇ ಕೈ ಮುಟ್ಟಿ ಮಾತು ಕೊಟ್ಟಿದ್ದಳು.

*

ವಾರ್ಡಿನಲ್ಲಿ ರೋಗಿ ಸತ್ತರೆ, ಆರೈಕೆ ಮಾಡಿದ ನರ್ಸಿನ ಕೈಗೆ ಇಹ್ಸಾನ್ ಬಟ್ಟೆ ಕೋಣೆಯ ಬೀಗದ ಕೈ ಇಡುತ್ತಿದ್ದರು. ಬೆಡ್‌ಶೀಟ್ ಮಡಿಸಿ ಬಾ ಎನ್ನುತ್ತಿದ್ದರು. ಅಲ್ಲಿ ಎಲ್ಲವೂ ಮಡಿಸಿಯೇ ಇರುತ್ತಿದ್ದವು. ಅವಳು ಹೊರಬರುವವರೆಗೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಅವಳ ರೋಗಿಗಳನ್ನು ಇಹ್ಸಾನರೇ ನೋಡಿಕೊಳ್ಳುತ್ತಿದ್ದರು. ಒಮ್ಮೆ ಮಗುವೊಂದನ್ನು ಉಳಿಸಲಾಗದೆ ಗೋಡೆಗೊರಗಿ ನಿಂತಿದ್ದ ಎಳೆಯ ಡಾಕ್ಟರಿಗೂ, "ಸ್ವಲ್ಪ ಮಡಿಸ್ತೀರಾ, ಡಾಕ್ಟ್ರೇ?" ಎಂದು ಬೀಗದ ಕೈ ಚಾಚಿದ್ದರು.

ಗಂಡ ತೀರಿಕೊಂಡ ನಾಲ್ಕನೆಯ ದಿನ ಇಹ್ಸಾನ್ ಕೆಲಸಕ್ಕೆ ಬಂದರು. ನಗ್ಲಾ ತಿಳಿಯದೆ ಆ ಬಾಗಿಲು ತಳ್ಳಿದಾಗ ನೆಲದ ಮೇಲೆ ಕೂತಿದ್ದರು. ಸದ್ದು ಹೊರಬರದಂತೆ ಬೆಡ್‌ಶೀಟಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದರು.

"ರಾವಿಯಾಗೆ ಗೊತ್ತಾಗ್ಬಾರ್ದು," ಎಂದರು ಆಮೇಲೆ. "ಬಸುರಿ ಹುಡುಗಿ. ನಾನು ನಿಂತಿದ್ರೆ ಅವಳೂ ನಿಂತಿರ್ತಾಳೆ."

*

"ರಾವಿಯಕ್ಕ," ಎಂದಳು ನಗ್ಲಾ. ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದಳು. ಉಮ್ ಶುಕ್ರಿ ತಂಬಿಗೆ ಕೆಳಗಿಟ್ಟು ಕೇಳಿದಳು.

ರಾವಿಯಾ ಅಮ್ಮನ ಮುಖದ ಕಡೆ ತಿರುಗಿದಳು.

"ಅಲ್ಲಿ ಒಬ್ಳೇ ಇದ್ಲಾ?"

"ಇಲ್ಲಕ್ಕ. ಅವರು ಹೊರಗೆ ಬರೋ ತನಕ ನಾನು ಬಾಗಿಲಿಗೆ ಒರಗಿ ನಿಂತಿದ್ದೆ."

ಕಫನ್ ಬಟ್ಟೆ ಉಡಿಸುವ ಮೊದಲು ಪಾದ ಒರೆಸಬೇಕಿತ್ತು. ನಗ್ಲಾ ಬಾಗುವಷ್ಟರಲ್ಲಿ ರಾವಿಯಾ ಅವಳನ್ನು ಮೆಲ್ಲಗೆ ಸ್ಟೂಲಿನ ಮೇಲೆ ಕೂರಿಸಿ, ಬಟ್ಟೆ ತಾನು ತೆಗೆದುಕೊಂಡಳು. ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದಳು. ಕಾಲುಚೀಲ ಕಳಚುವಷ್ಟೂ ಶಕ್ತಿಯಿಲ್ಲದೆ ಇಹ್ಸಾನ್ ಮಲಗಿದ್ದರೇನೋ, ಬಾತ ಕಾಲಿನ ಸುತ್ತ ಅದರ ಅಂಚಿನ ಅಚ್ಚು ಬಳೆಯಂತೆ ಒತ್ತಿ ಕೂತಿತ್ತು. ಮೂರು ಸಲ ತೊಳೆದರೂ ಆ ಗುರುತು ಹೋಗಿರಲಿಲ್ಲ. ರಾವಿಯಾ ಅದರ ಮೇಲೆ ಹೆಬ್ಬೆರಳಿಟ್ಟು ಮೆತ್ತಗೆ ತೀಡತೊಡಗಿದಳು, ನೋವಾದೀತು ಎಂಬಂತೆ.