ಮನೆಯಲ್ಲಿ ಐದು ಜನ

ಭಾನುವಾರ ಸಂಜೆ ಬಾಗಿಲ ಗಂಟೆ ಸದ್ದಾಯಿತೆಂದರೆ ಆ ಮನೆಯಲ್ಲಿ ಯಾರಿಗೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಕುರ್ಚಿಗಳ ಮೇಲಿನ ಬಟ್ಟೆ ಎತ್ತುತ್ತಿದ್ದ. ಮೈದುನ ತಲೆ ಬಾಚಿಕೊಳ್ಳುತ್ತಿದ್ದ. ಅತ್ತೆ ಕನ್ನಡಕ ಒರೆಸಿಕೊಂಡು ಮುಖಕ್ಕೆ ನಗು ತಂದುಕೊಳ್ಳುತ್ತಿದ್ದರು. ಸೊಸೆ ಹೊಲಿಗೆ ಯಂತ್ರದಿಂದ ಎದ್ದು, ಹನ್ನೊಂದು ವರ್ಷದ ಮಗಳು ಗುಬ್ಬಿಯ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಅವಳನ್ನು ಅಡುಗೆಮನೆಯ ಹಿಂದಿನ ಸಾಮಾನು ಕೋಣೆಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ಇದಕ್ಕೆ ಆ ಮನೆಯಲ್ಲಿ ಕೂಡಿಹಾಕುವುದು ಎನ್ನುತ್ತಿರಲಿಲ್ಲ. ‘ಒಳಗೆ ಆಡಿಸುವುದು’ ಎನ್ನುತ್ತಿದ್ದರು. ಗುಬ್ಬಿ ಬುದ್ಧಿಯ ಬೆಳವಣಿಗೆ ನಿಧಾನವಾದ ಹುಡುಗಿ. ನಾಲ್ಕು ಜನಕ್ಕೆ ಗೊತ್ತಾದರೆ ಮನೆತನದ ಮಾನ ಹೋಗುತ್ತದೆಂದು ಅತ್ತೆಯ ನಂಬಿಕೆ. ಅತ್ತೆಯ ಅತ್ತೆಯೂ ತಮ್ಮ ಕಾಲದಲ್ಲಿ ಯಾರನ್ನೋ ಹೀಗೇ ‘ಒಳಗೆ ಆಡಿಸಿದ್ದರಂತೆ’.

ಆ ವರ್ಷ ಗುಬ್ಬಿಯ ವಿಶೇಷ ಶಾಲೆಯ ಟೀಚರ್, ಪ್ರತಿ ಮಗುವಿನ ಕಲಿಕೆಯ ಗುರಿಗಳನ್ನು ಆನ್‌ಲೈನಿನಲ್ಲಿ ಬರೆದಿಡಲು ಶುರುಮಾಡಿದರು. ಫೋನಿನಲ್ಲಿ ಗುಬ್ಬಿಯ ಪುಟ ತೆರೆದರೆ ಸಾಕು: ಗುಂಡಿ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಬೇಕೆಂದು ಕೇಳುವುದು, ಹೊಸಬರಿಗೆ ತನ್ನ ಹೆಸರು ಹೇಳುವುದು. ತಾನೇ ಮಾಡಿದರೆ ಹಸಿರು, ಸಹಾಯದಿಂದ ಆದರೆ ಹಳದಿ, ಆಗದಿದ್ದರೆ ಕೆಂಪು. ಶಾಲೆಯದನ್ನು ಟೀಚರ್ ಒತ್ತಬೇಕು, ಮನೆಯದನ್ನು ತಾಯಿ. ತಾಯಿ ದಿನವೂ ಎಲ್ಲಕ್ಕೂ ಹಸಿರು ಒತ್ತಿ ಕೈತೊಳೆದುಕೊಳ್ಳುತ್ತಿದ್ದಳು.

ಎರಡು ತಿಂಗಳಾದ ಮೇಲೆ ಟೀಚರ್ ಅವಳನ್ನು ಶಾಲೆಗೆ ಕರೆಸಿ, ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದರು.

“ಇಲ್ನೋಡಿಮ್ಮ. ಶಾಲೇಲಿ ಶುಕ್ರವಾರದ ಹೊತ್ತಿಗೆಲ್ಲ ಹಸಿರು. ಕೆಲವು ಸೋಮವಾರ ಮಾತ್ರ ಪೂರ್ತಿ ಕೆಂಪು. ಬಟ್ಟೆಯಲ್ಲೇ ಮಾಡ್ಕೋತಾಳೆ, ಬುಧವಾರದವರೆಗೆ ತುಟಿ ಬಿಚ್ಚಲ್ಲ. ಆ ಭಾನುವಾರಗಳಲ್ಲಿ ಮನೇಲಿ ಏನಾಗುತ್ತೆ?”

ಅವಳು ತಾರೀಕುಗಳನ್ನು ಒಂದೊಂದಾಗಿ ನೋಡಿದಳು. ಮೈದುನನಿಗೆ ಹೆಣ್ಣು ಗೊತ್ತುಮಾಡಲು ಜನ ಬಂದಿದ್ದ ಭಾನುವಾರಗಳು ಅವು.

“ನೆಂಟರು ಬಂದಾಗ ಒಳಗೆ ಹಾಕಿ ಚಿಲಕ ಹಾಕ್ತೀವಿ. ಹಾಕೋದು ನಾನೇ.”

ಟೀಚರ್ ಬೈಯಲಿಲ್ಲ. “ಹೊಸಬರಿಗೆ ಹೆಸರು ಹೇಳೋದು ಕಲಿಸಿ ಅಂತ ಬರ್ದಿದೀನಿ. ಹೊಸಬರು ಬಂದಾಗಲೇ ಒಳಗೆ ಹಾಕಿದ್ರೆ, ಅವಳು ಯಾರಿಗೆ ಹೇಳ್ಬೇಕು?”

ಅಂದು ಮನೆಗೆ ಬಂದವಳೇ, ಹಿಂದಿನ ಭಾನುವಾರದ ಹಸಿರುಗಳನ್ನೆಲ್ಲ ಕೆಂಪು ಮಾಡಿ ಕೆಳಗೆ ಬರೆದಳು: ‘ನೆಂಟರು ಬಂದಿದ್ದರು. ಮೂರು ಗಂಟೆ ಕೂಡಿಹಾಕಿದ್ದೆವು. ಅಳುತ್ತಿದ್ದಳು.’

ಆ ಪುಟ ಗಂಡನ ಫೋನಿನಲ್ಲೂ ತೆರೆಯುತ್ತಿತ್ತು. ಊಟದ ಹೊತ್ತಿಗೆ ಮನೆಯಲ್ಲಿ ಬೆಂಕಿ ಬಿತ್ತು.

“ಮನೆ ಗುಟ್ಟನ್ನ ಬೀದಿಗೆ ಹಾಕಿದಳಲ್ಲೋ ನಿನ್ನ ಹೆಂಡ್ತಿ!” ಅತ್ತೆ ತಟ್ಟೆ ಸರಿಸಿದರು. “ಇಂಥದ್ದೊಂದು ಮನೇಲಿದೆ ಅಂದ್ರೆ ಚಿಕ್ಕವನಿಗೆ ಹೆಣ್ಣು ಕೊಡೋರು ಯಾರು?”

“ಟೀಚರ್ ಬಿಟ್ಟು ಬೇರೆ ಯಾರೂ ನೋಡಲ್ಲ ಅತ್ತೆ.”

“ಗೋಡೆಗೂ ಕಿವಿ ಇರುತ್ತೆ. ಆ ಹಾಳು ಫೋನಿಗೆ ಇರಲ್ವಾ?”

“ಅಳಿಸಿಬಿಡೇ, ಸುಮ್ನೆ ಯಾಕೆ ರಾದ್ಧಾಂತ,” ಎಂದ ಗಂಡ, ತಲೆ ಎತ್ತದೆ.

“ಬರೆದಿದ್ದು ಸುಳ್ಳಾಗಿದ್ರೆ ಅಳಿಸ್ತೀನಿ. ಸುಳ್ಳಾ ಅದು?”

ಗಂಡ ಅನ್ನ ಕಲಸುತ್ತಲೇ ಇದ್ದ. ಅವಳು ಅಳಿಸಲಿಲ್ಲ.

ಮುಂದಿನ ಭಾನುವಾರ ಮತ್ತೊಂದು ಹೆಣ್ಣಿನ ಕಡೆಯವರು ಬಂದರು. ಸೊಸೆ ಜಾಗ ಬಿಟ್ಟು ಕದಲದಿದ್ದುದನ್ನು ಕಂಡು ಅತ್ತೆಯೇ ಗುಬ್ಬಿಯ ರಟ್ಟೆ ಹಿಡಿದು ಒಳಗೆ ತಳ್ಳಿ ಚಿಲಕ ಹಾಕಿ ಬಂದರು. ಮದುವೆ ಹೆಣ್ಣಿನ ತಾಯಿ ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡು, ಮಾತಿಗೆ ಮಾತು ಬಂದಂತೆ ಕೇಳಿದರು: “ಮನೇಲಿ ಎಷ್ಟು ಜನ ನೀವು?”

“ನಾಲ್ಕೇ ಜನ. ನಾನು, ಇಬ್ಬರು ಗಂಡುಮಕ್ಕಳು, ಸೊಸೆ,” ಎಂದರು ಅತ್ತೆ.

ಅಡುಗೆಮನೆಯಲ್ಲಿದ್ದ ಸೊಸೆಯ ಕಿವಿಗೆ ಆ ಮಾತು ಕಾದ ಸೀಸದಂತೆ ಬಿತ್ತು. ಇಷ್ಟು ವರ್ಷ ಮಗಳನ್ನು ಬಚ್ಚಿಡುತ್ತಿದ್ದೇವೆಂದುಕೊಂಡಿದ್ದಳು. ಅತ್ತೆ ಅವಳು ಹುಟ್ಟೇ ಇಲ್ಲವೆನಿಸಿಬಿಟ್ಟಿದ್ದರು. ಚಿಲಕ ತೆಗೆದಳು. ಗುಬ್ಬಿಯ ಕಣ್ಣೊರೆಸಿ, ಕೈಹಿಡಿದು ನಡುಮನೆಗೆ ಬಂದಳು.

“ಐದು ಜನ. ಇವಳು ನನ್ನ ಮಗಳು,” ಎಂದಳು.

ಬಂದ ಹೆಂಗಸು ಬಗ್ಗಿ, “ನಿನ್ನ ಹೆಸರೇನಮ್ಮಾ?” ಎಂದರು. ಗುಬ್ಬಿ ಅಮ್ಮನ ಸೆರಗು ಬಾಯಿಗೆ ತುರುಕಿಕೊಂಡಳು. ತಾಯಿ ಅವಳ ಪರವಾಗಿ ಉತ್ತರ ಕೊಡದೆ ಕಾದಳು. ಹುಡುಗಿಯ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು, ಹೆಸರಾಗಲಿಲ್ಲ.

“ಇದನ್ನ ನೀವು ಮೊದಲೇ ಹೇಳಬೇಕಿತ್ತು,” ಎಂದು ಅತ್ತೆಯ ಮುಖ ನೋಡಿ ಹೇಳಿದ ಆ ಹೆಂಗಸು, ಚಹಾ ಪೂರ್ತಿ ಕುಡಿಯದೆ ಎದ್ದರು. ಆ ಸಂಬಂಧ ಅಲ್ಲಿಗೇ ಮುರಿಯಿತು.

ಬಾಗಿಲು ಮುಚ್ಚಿದ್ದೇ ತಡ, ಅತ್ತೆ ನೆಲಕ್ಕೆ ಕುಸಿದರು. “ನನ್ನ ಮಗನ ಬಾಳಿಗೆ ಕಲ್ಲು ಹಾಕಿದೆ. ಈಗ ಹೊಟ್ಟೆ ತಣ್ಣಗಾಯ್ತಾ?”

ಮೈದುನ ಗೋಡೆ ನೋಡುತ್ತಿದ್ದ. ಗಂಡ ಮಾತ್ರ ಮೊದಲ ಸಲ ತಾಯಿಗೆ ಎದುರಾಡಿದ: “ಅಮ್ಮ, ನಾಲ್ಕು ಜನ ಅನ್ನಬಾರದಿತ್ತು ನೀನು.”

ಸೊಸೆ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಫೋನ್ ತೆಗೆದು ‘ಹೊಸಬರಿಗೆ ಹೆಸರು ಹೇಳುವುದು’ ಎಂಬುದಕ್ಕೆ ಕೆಂಪು ಒತ್ತಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಇಲ್ಲ ಅತ್ತೆ, ತಣ್ಣಗಾಗಿಲ್ಲ. ಅವಳು ಬಾಯಿಬಿಟ್ಟು ಹೆಸರು ಹೇಳೋ ದಿನ ತಣ್ಣಗಾಗುತ್ತೆ. ಅಲ್ಲೀವರೆಗೂ ಈ ಮನೆಗೆ ಯಾರೇ ಬರಲಿ, ಇವಳು ಇಲ್ಲೇ ಕೂರ್ತಾಳೆ. ನಿಮಗೆ ನಾಚಿಕೆ ಆದ್ರೆ ನನ್ನನ್ನ ಒಳಗೆ ಹಾಕಿ ಚಿಲಕ ಹಾಕ್ಕೊಳ್ಳಿ.”