ಮಂಡಿಯ ಹೊಲಿಗೆ

ಚಂದ್ರನ ಮೇಲೆ ಓಡಾಡುವವರಿಗೆ ಉಡುಪು ತಯಾರಿಸುವ ಆ ಪ್ರಯೋಗಶಾಲೆಯಲ್ಲಿ ಹೊಲಿಗೆಯಾಕೆಯನ್ನು ಎಲ್ಲರೂ ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಹೊಸ ಬಟ್ಟೆಯ ನೇಯ್ಗೆಯಲ್ಲಿ ಕೂದಲಿಗಿಂತ ತೆಳುವಾದ ತಂತಿಗಳಿದ್ದವು. ವಿದ್ಯುತ್ ಹರಿಸಿದರೆ ಅಂಟಿದ ಧೂಳು ಸಿಡಿದು ಉದುರುತ್ತಿತ್ತು. ಚೌಕಟ್ಟಿಗೆ ಬಿಗಿದ ತುಂಡು ಎಲ್ಲ ಪರೀಕ್ಷೆಯಲ್ಲೂ ಗೆದ್ದಿತ್ತು. ಮಧ್ಯಾಹ್ನದೊಳಗೆ ಒಪ್ಪಿಗೆ ಪತ್ರ ಹೋಗಬೇಕು. ಅದರಲ್ಲಿ ಹೊಲಿಗೆ ವಿಭಾಗದ ಸಾಲಿನಲ್ಲಿ ಆಕೆಯ ಸಹಿಯೊಂದೇ ಬಾಕಿ.

"ಹಾಕಲ್ಲ," ಎಂದಳು ಸೂಜಿಯಮ್ಮ.

ಮುಖ್ಯ ಇಂಜಿನಿಯರ್ ಆಕೆಯ ತಂಗಿಯ ಮಗ. "ದೊಡ್ಡಮ್ಮ, ಇದೇನು ದಿಂಬಿನ ಚೀಲನಾ, ತೋಚಿದ ಹಾಗೆ ಕೊಂಕು ತೆಗೆಯೋಕೆ?"

"ದಿಂಬಿಗೆ ಮಂಡಿ ಇರಲ್ಲಪ್ಪ. ನೀನು ನೋಡಿದ್ದು ಬಟ್ಟೆನ, ಉಡುಪನ್ನಲ್ಲ. ನನ್ನ ಸೂಜಿ ಹೊಕ್ಕ ಕಡೆಯೆಲ್ಲ ನಿನ್ನ ತಂತಿ ತುಂಡಾಗುತ್ತೆ. ಅಲ್ಲಿ ಕೂತ ಧೂಳನ್ನ ನೌಕೆಯೊಳಗೆ ತಂದು ಅವರು ಉಸಿರಾಡಬೇಕು."

"ನಿಯಮದ ಪುಸ್ತಕದಲ್ಲಿ ಚೌಕಟ್ಟಿನ ಪರೀಕ್ಷೆ ಮಾತ್ರ ಇರೋದು."

"ಪುಸ್ತಕ ಯಾವತ್ತಾದ್ರೂ ಮಂಡಿಯೂರಿದೆಯಾ?"

ಪಕ್ಕದ ಮೇಜಿನಲ್ಲಿ ಉದುರಿದ ಧೂಳಿನ ತೂಕ ನೋಡುವ ಹುಡುಗಿ ಕಿಸಕ್ಕನೆ ನಕ್ಕಳು. ಇಂಜಿನಿಯರಿನ ಮುಖ ಕೆಂಪೇರಿತು. "ಸಹಿ ಹಾಕದಿದ್ರೆ ನಾಳೆಯಿಂದ ಬರಬೇಡ."

ಸೂಜಿಯಮ್ಮ ಜಗ್ಗಲಿಲ್ಲ. ಮೂವತ್ತು ವರ್ಷ ಕಲ್ಲು ಕೊರೆದ ಆಕೆಯ ಗಂಡ ಹೋದ ವರ್ಷ ಒಂದೊಂದು ಉಸಿರಿಗೂ ಬಾಯಿ ಬಾಯಿ ಬಿಟ್ಟು ತೀರಿಕೊಂಡಿದ್ದ. ಕಲ್ಲಿನ ಧೂಳು ತಡೆಯಲೆಂದು ಆತನಿಗೆ ಕೊಟ್ಟ ಮುಖವಾಡ ಚೆನ್ನಾಗಿದೆಯೆಂದು ಯಾರೋ ಸಹಿ ಹಾಕಿದ್ದರು. ಆ ಸಾವಿಗಾಗಿ ಆಕೆ ದೇವರನ್ನು ಒಂದು ದಿನವೂ ದೂರಲಿಲ್ಲ. ಆ ಸಹಿ ದೇವರದಲ್ಲ.

ಹೊಲಿದು ಮುಗಿಸಿದ್ದ ಎಡಗಾಲಿನ ಭಾಗವನ್ನು ಮೇಜಿನಿಂದೆತ್ತಿ ತನ್ನ ಕಾಲಿಗೇ ಏರಿಸಿಕೊಂಡಳು. ಚಂದ್ರನ ಧೂಳಿನಂತೆಯೇ ಪರೀಕ್ಷೆಗೆಂದು ತಯಾರಿಸಿಟ್ಟ, ಅರೆದ ಗಾಜಿನಷ್ಟು ಹರಿತವಾದ ಬೂದು ಧೂಳಿನ ತೊಟ್ಟಿಯಲ್ಲಿ, "ಭಗವಂತಾ, ಕೀಲುನೋವಿನ ಲೆಕ್ಕ ಆಮೇಲೆ ಮಾತಾಡೋಣ," ಎಂದು ಮಂಡಿಯೂರಿದಳು. ಎದ್ದಳು, ಊರಿದಳು. ನಲವತ್ತು ಸಲ. ಯಾರೂ ತಡೆಯಲಿಲ್ಲ.

"ಈಗ ಹಾಕು ನಿನ್ನ ಕರೆಂಟು."

ತೊಡೆಯಿಂದ, ಮೀನಖಂಡದಿಂದ ಧೂಳು ಚಿಮ್ಮಿ ಹಾರಿತು. ಮಂಡಿಯ ಹೊಲಿಗೆಯ ಉದ್ದಕ್ಕೂ ಬೂದು ಗೆರೆ ಹಾಗೇ ಉಳಿಯಿತು. ಆಕೆ ಅದನ್ನು ಕಳಚಿ ಒಳಮೈ ಹೊರಗೆ ತಿರುವಿದಳು. ಸೂಜಿಯ ತೂತುಗಳಲ್ಲಿ ನುಸುಳಿ ಅಲ್ಲೂ ಧೂಳು.

ಇಂಜಿನಿಯರ್ ಹೊಲಿಗೆಯನ್ನು ಬೆರಳಿನಿಂದ ಸವರಿ, ಬೆರಳನ್ನೇ ನೋಡುತ್ತ ನಿಂತ.

"ಒಂದು ಕಾಲನ್ನ ನಂಬಿ ಇಡೀ ಕೆಲಸ ನಿಲ್ಲಿಸು ಅಂತ ಮೇಲಿನವರಿಗೆ ಹೇಗೆ ಹೇಳಲಿ ದೊಡ್ಡಮ್ಮ?"

"ಹಾಗಾದ್ರೆ ಇನ್ನೊಂದು ಕಾಲನ್ನೂ ತಾ. ದೇವರು ನನಗೆ ಎರಡು ಮಂಡಿ ಕೊಟ್ಟಿದ್ದಾನೆ."

ಆತ ಒಪ್ಪಿಗೆ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಬಲಗಾಲಿನ ಭಾಗವನ್ನು ತರಲು ತಾನೇ ಎದ್ದು ಹೋದ.